ಕಾಕುವಿನ ಬಲಭುಜ

ಕಳೆದ ವಾರ ಪುಣೆಯ ಕೊಂಢವಾ ಬಡಾವಣೆಯ ಒಂದು ಹಳೆಯ ಕಟ್ಟಡಕ್ಕೆ ರೋಗಿಯೊಬ್ಬರನ್ನು ನೋಡಲು ಹೋಗಿದ್ದೆ. ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತುವಾಗ ಎರಡನೆಯ ಮಹಡಿಯ ತಿರುವಿನಲ್ಲಿ, ಮುಚ್ಚಿದ ಬಾಗಿಲೊಂದರ ಆಚೆಯಿಂದ ವಾಸನೆ ಬಂತು. ಕಾದ ಹಂಚಿನ ಮೇಲೆ ಜೋಳದ ರೊಟ್ಟಿ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿದಾಗ ಚುಂಯ್ ಎಂದು ಹಬೆ ಏಳುತ್ತದಲ್ಲ, ಆ ಹಬೆಯ ವಾಸನೆ. ಕೈಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಮೇಲಿನಿಂದ ಇಳಿದು ಬಂದ ಹೆಂಗಸೊಬ್ಬರು "ದಮ್ ಲಾಗಲಾ ಕಾ?" ಎಂದು ಮರಾಠಿಯಲ್ಲಿ ಕೇಳಿದರು. ಹೌದೆಂದು ತಲೆಯಾಡಿಸಿದೆ. ಏದುಸಿರು ಬಂದಿದೆ ಎಂದೇ ಅಂದುಕೊಳ್ಳಲಿ... ರೊಟ್ಟಿ ಕಾಕು ನೆನಪಾದರು ಎಂದು ಯಾರಿಗೆ ಹೇಳುವುದು?

ಹನ್ನೆರಡು ಹದಿಮೂರು ವರ್ಷದ ಹಿಂದಿನ ಮಾತು. ಪುಣೆಯಲ್ಲಿ ಫಿಜಿಯೋಥೆರಪಿ ಓದು ಮುಗಿಸಿದ ನಾನು ಧಾರವಾಡಕ್ಕೆ ಮರಳದೆ ಇಲ್ಲಿಯೇ ಒಂದು ಚಿಕ್ಕ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದ್ದೆ. ಕೊಂಢವಾದಲ್ಲಿ ಮೂರು ಮಹಡಿಯ ಕಟ್ಟಡದ ಮೇಲ್ಗಡೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಅದೇ ಕಟ್ಟಡದ ನೆಲಮಹಡಿಯಲ್ಲಿ, ಎಲ್ಲರೂ ಕಾಕು ಅಂದರೆ ಚಿಕ್ಕಮ್ಮ ಎಂದು ಕರೆಯುತ್ತಿದ್ದ ಅವರು ಮತ್ತು ಅವರ ಮಗಳು ಇದ್ದರು. ಮಗಳು ಯಾವುದೋ ಕಚೇರಿಯಲ್ಲಿ ಗುಮಾಸ್ತೆ. ಕಾಕುವಿನ ಗಂಡ ವಿಜಯಪುರದ ಕಡೆಯಿಂದ ಬಂದು ಇಲ್ಲಿನ ಅರಿವೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವರು. ಅವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಆಮೇಲೆ ಕಾಕು ರೊಟ್ಟಿ ಮಾಡಿ ಕೊಡಲು ಶುರು ಮಾಡಿದ್ದರಂತೆ. ಸುತ್ತಲಿನ ಕನ್ನಡದವರ ಮನೆಗಳಿಗೆಲ್ಲ ಅವರದೇ ರೊಟ್ಟಿ. ಬೆಂಗಳೂರು ಮೈಸೂರಿನಿಂದ ಕಂಪನಿ ಕೆಲಸಕ್ಕೆ ಬಂದ ಹುಡುಗರು ಕೂಡ ಅವರ ಬಾಗಿಲಲ್ಲಿ ಡಬ್ಬಿ ಹಿಡಿದು ನಿಲ್ಲುತ್ತಿದ್ದರು.

ಮನೆಯ ಹಿಂದೆ ತಗಡಿನ ಮಾಡು ಇಳಿಸಿ ಕಟ್ಟಿಗೆ ಒಲೆ ಹೂಡಿದ್ದರು. ಗ್ಯಾಸಿನ ಮೇಲೆ ರೊಟ್ಟಿ ಸರಿಯಾಗಿ ಉಬ್ಬುವುದಿಲ್ಲ ಎಂಬುದು ಅವರ ಹಟ. ಬೆಳಿಗ್ಗೆ ಆರಕ್ಕೆ ಕೂತರೆ ಹನ್ನೊಂದರವರೆಗೆ ಏಳುತ್ತಿರಲಿಲ್ಲ. ಪಟ ಪಟ ಪಟ ಎಂಬ ಆ ಬಡಿತಕ್ಕೇ ನಾನು ಎಚ್ಚರಾಗುತ್ತಿದ್ದೆ.

ಒಂದು ಸಂಜೆ ಕಾಕು ಮೂರು ಮಹಡಿ ಹತ್ತಿ ನನ್ನ ಕೋಣೆಗೆ ಬಂದರು. ಎಡಗೈಯಲ್ಲಿ ಬಲ ಮೊಳಕೈ ಹಿಡಿದುಕೊಂಡಿದ್ದರು.

"ತಂಗಿ, ನಿನಗ ಈ ಮೈಕೈ ನೋವಿನ ವಿದ್ಯಾ ಬರ್ತದಂತಲ್ಲ. ಇದಿಷ್ಟು ನೋಡು. ಬಲಗಡೆ ಹೆಗಲು ಭಾಳ ಸೆಳೀತದ."

ನನಗೆ ಆಗ ಇಪ್ಪತ್ತಮೂರು ವರ್ಷ. ಕ್ಲಿನಿಕ್ಕಿನಲ್ಲಿ ಹಿರಿಯರು ಹೇಳಿದ ವ್ಯಾಯಾಮವನ್ನು ರೋಗಿಗಳಿಂದ ಮಾಡಿಸುವುದಷ್ಟೇ ನನ್ನ ಕೆಲಸ. ಮೊದಲ ಬಾರಿಗೆ ಒಬ್ಬರು ನನ್ನನ್ನೇ ಹುಡುಕಿಕೊಂಡು ಬಂದಿದ್ದರು. ಅವರನ್ನು ಕುರ್ಚಿಯ ಮೇಲೆ ಕೂರಿಸಿ, ಪುಸ್ತಕದಲ್ಲಿ ಇದ್ದ ಹಾಗೆಯೇ ಒಂದೊಂದಾಗಿ ಪರೀಕ್ಷೆ ಮಾಡಿದೆ. ಹಾಳೆಯೊಂದರಲ್ಲಿ ಎಲ್ಲವನ್ನೂ ಬರೆದುಕೊಂಡೆ. ಆದರೆ ನಿಜ ಹೇಳಬೇಕೆಂದರೆ, ಅವರು ಬಾಗಿಲಲ್ಲಿ ಕಾಣಿಸಿಕೊಂಡಾಗಲೇ ನಾನು ತೀರ್ಮಾನಿಸಿಬಿಟ್ಟಿದ್ದೆ. ಇಷ್ಟು ವರ್ಷ ರೊಟ್ಟಿ ಬಡಿದ ಭುಜ. ಸವೆಯದೆ ಇರುತ್ತದೆಯೇ?

ಭುಜದ ಬಗ್ಗೆ ಹೇಳಲು ನನಗೆ ಬಲು ಇಷ್ಟ, ಆಗಲೂ ಈಗಲೂ. ಸೊಂಟದ ಕೀಲಿನಲ್ಲಿ ಎಲುಬಿನ ಗುಂಡು ಆಳವಾದ ಬಟ್ಟಲಿನೊಳಗೆ ಕೂತಿರುತ್ತದೆ. ಭುಜದಲ್ಲಿ ಹಾಗಲ್ಲ. ದೊಡ್ಡ ಗುಂಡು, ಅದಕ್ಕೊಂದು ಚಿಕ್ಕ ತಟ್ಟೆ. ಜಾರಿ ಬೀಳದಂತೆ ಅದನ್ನು ಸುತ್ತಲಿಂದ ಹಿಡಿದಿಟ್ಟಿರುವುದು ನಾಲ್ಕು ಚಿಕ್ಕ ಸ್ನಾಯುಗಳು. ಒಂದು ಕೈ ಎತ್ತಲು ಶುರು ಮಾಡಿಕೊಡುತ್ತದೆ, ಎರಡು ಕೈಯನ್ನು ಹೊರಕ್ಕೆ ತಿರುಗಿಸುತ್ತವೆ, ಇನ್ನೊಂದು ಒಳಕ್ಕೆ. ಅವುಗಳ ಮೇಲೆ ದಪ್ಪನೆಯ ಹೊದಿಕೆಯಂತೆ ಡೆಲ್ಟಾಯ್ಡ್. ಹೊರಗೆ ಕಾಣುವುದೂ ಅದೇ, ಭಾರ ಎತ್ತುವುದೂ ಅದೇ. ಬೆನ್ನಿನ ಮೇಲಿನ ಅಗಲವಾದ ಮೂಳೆಯಂತೂ ಪಕ್ಕೆಲುಬಿಗೆ ಎಲ್ಲಿಯೂ ಅಂಟಿಲ್ಲ. ಅದು ಸ್ನಾಯುಗಳ ನಡುವೆ ತೇಲುತ್ತಿರುತ್ತದೆ. ಕೈ ಕಿವಿಯ ತನಕ ಏರಬೇಕಾದರೆ ಆ ಮೂಳೆಯೂ ಜೊತೆಗೆ ಹೊರಳಬೇಕು.

ಇದನ್ನೆಲ್ಲ ಕಾಕುವಿಗೆ ಅವರದೇ ಭುಜದ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಕಣ್ಣರಳಿಸಿ ಕೇಳಿದರು.

"ಅಂದ್ರ ನಾಲ್ಕು ಮಂದಿ ನೆಗೆಣ್ಣೇರು ಅನ್ನು. ಒಳಗ ಎಲ್ಲಾ ಹಿಡದಿಟ್ಟಾವ್ರು ಅವ್ರು. ಹೊರಗ ಮೆರಿಯಾಕಿ ಅತ್ತಿ!"

ಅಣ್ಣ ತಮ್ಮಂದಿರ ಹೆಂಡಂದಿರು, ನಾಲ್ವರು ನೆಗೆಣ್ಣಿಯರು ಇದ್ದ ತುಂಬು ಮನೆಗೆ ಸೊಸೆಯಾಗಿ ಹೋದವರು ಕಾಕು. ಮರುದಿನದಿಂದ ಅದೇ ತಮಾಷೆ. ನಾನು ಸಂಜೆ ಕೆಲಸದಿಂದ ಬಂದು ಅವರ ಮನೆಗೆ ಹೋದರೆ, ಪೋಲಕದ ತೋಳು ಸರಿಸುತ್ತಾ "ಇವತ್ತ ಯಾವ ನೆಗೆಣ್ಣಿ ಸಿಟ್ಟಾಗ್ಯಾಳ ನೋಡು" ಎನ್ನುತ್ತಿದ್ದರು. ನಾನು ಬಿಸಿ ಶಾಖ ಕೊಟ್ಟು, ನೀವಿ, ಬಾಗಿಲಿಗೆ ಕಟ್ಟಿದ ಹಗ್ಗ ಎಳೆಸಿ ವ್ಯಾಯಾಮ ಮಾಡಿಸುತ್ತಿದ್ದೆ. ನಾಲ್ವರಲ್ಲಿ ಒಬ್ಬಳೂ ಸಿಟ್ಟಾಗಿರಲಿಲ್ಲ ಎಂಬುದು ನನಗೆ ತಿಳಿದಿದ್ದರೆ...

ಮೊದಲ ವಾರವೇ ಕಾಕು ಒಂದು ಮಾತು ಹೇಳಿದ್ದರು.

"ರೊಟ್ಟಿ ಬಡಿಯೂ ಮುಂದ ನೋವು ಗೊತ್ತೇ ಆಗೂದಿಲ್ಲ ನೋಡು ತಂಗಿ. ಸುಮ್ನ ಕೂತೆ ಅಂದ್ರ ಸುರು ಆಗ್ತದ. ಕಿರಿಬೆರಳಿನ ತನಕಾ ಇಳೀತದ."

ನಾನು ನಕ್ಕೆ. ಕೆಲಸ ಬಿಡಲು ಮನಸ್ಸಿಲ್ಲದ ಎಲ್ಲರೂ ಹೀಗೆಯೇ ಹೇಳುತ್ತಾರೆ ಎಂದುಕೊಂಡೆ. "ಮೈ ಬಿಸಿ ಇದ್ದಾಗ ಗೊತ್ತಾಗೂದಿಲ್ರಿ ಕಾಕು, ಆಮ್ಯಾಲೆ ಹಿಡೀತದ. ನೀವು ಮೂರು ತಿಂಗಳು ರೊಟ್ಟಿ ಬಂದ್ ಮಾಡಬೇಕ್ರಿ" ಎಂದೆ.

"ಮೂರು ತಿಂಗಳಾ? ರೊಟ್ಟಿ ಬಿಟ್ಟು ನಾ ಏನ್ ಮಾಡ್ಲಿ?"

"ಕೈ ಬೇಕೋ ಬ್ಯಾಡೋ?"

ಆ ವಯಸ್ಸಿನಲ್ಲಿ ಹಾಗೆ ಗದರಿಸುವುದೇ ವೈದ್ಯರ ಲಕ್ಷಣ ಎಂದು ತಿಳಿದಿದ್ದೆ. ಕಾಕು ನನ್ನ ಮುಖ ನೋಡಿದರು. ಓದಿದ ಹುಡುಗಿ ಹೇಳಿದಳೆಂದು ಒಪ್ಪಿಕೊಂಡರು. ಮರುದಿನ ಬೆಳಿಗ್ಗೆ ಪಟ ಪಟ ಸದ್ದು ಇರಲಿಲ್ಲ. ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಮಗಳು ಕೆಲವು ದಿನ ಕಚೇರಿಗೆ ಹೋಗುವ ಮುಂಚೆ ರೊಟ್ಟಿ ಮಾಡಲು ನೋಡಿದಳು. ಅಂಚು ಒಡೆಯುತ್ತಿತ್ತು, ನಡುವೆ ದಪ್ಪ ಉಳಿಯುತ್ತಿತ್ತು. ಡಬ್ಬಿ ಹಿಡಿದು ಬರುತ್ತಿದ್ದವರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಕಾಕು ಮುಂಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಬಲಗೈಯನ್ನು ಎಡಗೈಯಲ್ಲಿ ಎತ್ತಿ ತಲೆಯ ಮೇಲೆ ಇಟ್ಟುಕೊಂಡು ಕೂರುವುದು ಅಭ್ಯಾಸವಾಯಿತು. ಹಾಗಿಟ್ಟರೆ ಸೆಳೆತ ಕಡಿಮೆ ಎನ್ನುತ್ತಿದ್ದರು. ಅದೂ ನರದ ನೋವಿನ ಒಂದು ಗುರುತೇ. ಆಗ ನಾನು ಅದನ್ನು ಓದಲಿಲ್ಲ.

ಅಷ್ಟರಲ್ಲಿ ಆಷಾಢ ಬಂತು. ಪಂಢರಪುರಕ್ಕೆ ಹೋಗುವ ಪಾಲ್ಖಿ, ಅಂದರೆ ಸಂತರ ಪಲ್ಲಕ್ಕಿ, ಪುಣೆ ದಾಟಿ ಸಾಸವಡದಲ್ಲಿ ತಂಗುತ್ತದೆ. ಪ್ರತಿವರ್ಷ ಅಲ್ಲಿಗೆ, ಅದರ ಜೊತೆ ಭಜನೆ ಮಾಡುತ್ತಾ ನಡೆದು ಹೋಗುವ ದಿಂಡಿಯವರಿಗಾಗಿ, ಕಾಕು ಗಂಟುಗಟ್ಟಲೆ ಕಟಕ ರೊಟ್ಟಿ ಕಳಿಸುತ್ತಿದ್ದರಂತೆ. ಒಣಗಿಸಿದ, ಮುರಿದರೆ ಕಟ್ ಎನ್ನುವ ರೊಟ್ಟಿ. ಎಷ್ಟು ದಿನವಾದರೂ ಕೆಡುವುದಿಲ್ಲ.

"ಇದೊಂದು ಸರ್ತಿ ಬಿಡು ತಂಗಿ. ಪಾಲ್ಖಿದಷ್ಟು ಮಾಡಿ ಮುಗಸ್ತೀನಿ. ಗಂಡ ಸತ್ತ ವರ್ಷಾನೂ ತಪ್ಪಿಸಿಲ್ಲ ನಾ."

ನಾನು ಬಿಡಲಿಲ್ಲ. ಇಷ್ಟು ದಿನ ಮಾಡಿದ್ದೆಲ್ಲ ನೀರಾಗುತ್ತದೆ ಎಂದೆ. ಪಾಲ್ಖಿಯ ದಿನ ಅವರು ಕುರ್ಚಿಯಲ್ಲಿಯೂ ಕೂರಲಿಲ್ಲ. ಒಳಗೆ ಗೋಡೆಗೆ ಒರಗಿ ಕೂತು, ಎಡಗೈಯಿಂದ ಅಕ್ಕಿ ಆರಿಸುತ್ತಿದ್ದರು. ನಾನು ಹೋದಾಗ ಯಾವತ್ತಿನ ನೆಗೆಣ್ಣಿಯ ಮಾತು ಆಡಲಿಲ್ಲ.

ನೋವು ಕಡಿಮೆಯಾಗಲೇ ಇಲ್ಲ. ನಾನು ವ್ಯಾಯಾಮ ಬದಲಿಸಿದೆ, ಶಾಖ ಹೆಚ್ಚಿಸಿದೆ. ಮೂಳೆ ವೈದ್ಯರೊಬ್ಬರ ಬಳಿ ಕರೆದೊಯ್ಯಲೇ ಎಂದು ಒಮ್ಮೆ ಅನ್ನಿಸಿತ್ತು; ಇನ್ನೊಂದು ವಾರ ನೋಡೋಣ ಎಂದು ಮುಂದೂಡಿದೆ. ಮೊದಲ ರೋಗಿಯನ್ನು ಬೇರೆಯವರಿಗೆ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ... ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ನಡೆದದ್ದು ಅದೇ.

ಮೂರು ತಿಂಗಳು ತುಂಬಿದ ಮೇಲಿನ ಒಂದು ಭಾನುವಾರ. ಕಾಕುವಿನ ಬಲಗೈಯಿಂದ ಚಹಾದ ಬಸಿ ಜಾರಿ ಬಿತ್ತು. ಕೊನೆಯ ಎರಡು ಬೆರಳಿಗೆ ಜೋಮು ಹಿಡಿದಿದೆ ಎಂದರು. ಅಂಗೈ ತಿರುಗಿಸಿ ನೋಡಿದೆ. ಕಿರಿಬೆರಳಿನ ಬುಡದ ಮಾಂಸ ಇಳಿದು ಗುಳಿ ಬಿದ್ದಿತ್ತು. ಚೂರು ಆರಿಸುತ್ತಿದ್ದ ಮಗಳು ತಲೆಯೆತ್ತಿ ಸುಮ್ಮನೆ ಹೇಳುವಂತೆ ಹೇಳಿದಳು:

"ಅಕ್ಕಾ, ಅವ್ವನ ಬಲಗಣ್ಣು ಸಣ್ಣ ಆಗ್ಯದ ಅನಸ್ತದ ನೋಡ್ರಿ. ಎಂಟ್ಹತ್ತು ದಿನ ಆತು."

ಕಾಕುವಿನ ಮುಖ ಬೆಳಕಿಗೆ ತಿರುಗಿಸಿದೆ. ಬಲ ರೆಪ್ಪೆ ಅರ್ಧ ಇಳಿದಿತ್ತು. ಆ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಚಿಕ್ಕದಾಗಿತ್ತು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಒಂದು ಪುಟ, ಚಿತ್ರದ ಸಮೇತ ನನ್ನ ಕಣ್ಣ ಮುಂದೆ ಬಂತು. ಶ್ವಾಸಕೋಶದ ನೆತ್ತಿ ನಾವು ಅಂದುಕೊಂಡಿದ್ದಕ್ಕಿಂತ ಮೇಲಿರುತ್ತದೆ, ಕೊರಳೆಲುಬಿನ ಹಿಂದೆ, ಕುತ್ತಿಗೆಯ ಬುಡದ ತನಕ. ಕೈಗೆ ಇಳಿಯುವ ನರಗಳು ಅದರ ಮೇಲಿನಿಂದಲೇ ಹಾದು ಹೋಗುತ್ತವೆ, ಕಣ್ಣಿನ ರೆಪ್ಪೆಗೆ ಹೋಗುವ ಎಳೆಯೂ ಹತ್ತಿರದಲ್ಲೇ. ಅಲ್ಲಿ ಗಡ್ಡೆ ಬೆಳೆದರೆ ಕೆಮ್ಮು ಬರುವುದಿಲ್ಲ, ದಮ್ಮು ಬರುವುದಿಲ್ಲ. ಮೊದಲು ನೋಯುವುದು ಭುಜ.

ಮರುದಿನ ಕೆಲಸಕ್ಕೆ ರಜೆ ಹಾಕಿ ತಾಯಿ ಮಗಳನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೋದೆ. ಎದೆಯ ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ತುದಿಗೆ ಬಿಳಿಯ ಟೊಪ್ಪಿಗೆ ಹಾಕಿದ ಹಾಗೆ ಕಾಣುತ್ತಿತ್ತು. ವೈದ್ಯರು ಕಾಕುವಿನ ಕಡೆ ತಿರುಗಿ "ವಿಡಿ ಓಢತಾ ಕಾ ತುಮ್ಹಿ?" ಎಂದು ಕೇಳಿದರು. ಬೀಡಿ ಸೇದುತ್ತೀರಾ ಎಂಬ ಪ್ರಶ್ನೆಗೆ ಕಾಕು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕುಬಿಟ್ಟರು. ಮಗಳು ಮಾತ್ರ ನಗಲಿಲ್ಲ. "ಅವ್ವ ಇಪ್ಪತ್ತು ವರ್ಷ ಕಟ್ಟಿಗಿ ಒಲಿ ಮುಂದ ಕೂತಾಳ" ಎಂದು ನನಗೆ ಮೆಲ್ಲಗೆ ಹೇಳಿದಳು. ವೈದ್ಯರಿಗೆ ಅದನ್ನು ಮರಾಠಿಯಲ್ಲಿ ನಾನೇ ಹೇಳಿದೆ. ಅವರು ಬರೆದುಕೊಂಡರು. ಅದೇ ಕಾರಣವೋ ಅಲ್ಲವೋ, ಯಾರೂ ಖಚಿತವಾಗಿ ಹೇಳಲಿಲ್ಲ.

ಸೂಜಿ ಚುಚ್ಚಿ ತುಣುಕು ತೆಗೆದು ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. ವರದಿ ಬಂದ ದಿನ ಮಗಳು ಬಾಗಿಲಾಚೆ ಕೂತಿದ್ದಾಗ ನಾನೊಬ್ಬಳೇ ಒಳಗೆ ಹೋಗಿ ವೈದ್ಯರನ್ನು ಕೇಳಿದೆ: ಮೂರು ತಿಂಗಳು ಮೊದಲೇ ಬಂದಿದ್ದರೆ? ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಹೇಳಲಾಗುವುದಿಲ್ಲ, ಆಗಲೂ ಹಬ್ಬಿರಬಹುದಿತ್ತು, ಇಲ್ಲದೆಯೂ ಇರಬಹುದಿತ್ತು ಎಂದರು. ಆ ಉತ್ತರದ ಎರಡು ತುದಿಯ ನಡುವೆ ನಾನು ಇವತ್ತಿಗೂ ಓಡಾಡುತ್ತಿದ್ದೇನೆ.

ಮನೆಗೆ ಬಂದು ಮೊದಲ ದಿನ ಬರೆದಿದ್ದ ಹಾಳೆ ಹುಡುಕಿ ತೆಗೆದೆ. ನನ್ನದೇ ಅಕ್ಷರ. ಕೈ ಎತ್ತುವಾಗ ತಡೆದು ನೋಡಿದೆ, ನೋವು ಹೆಚ್ಚಲಿಲ್ಲ. ಹೊರಕ್ಕೆ ತಿರುಗಿಸುವಾಗ ತಡೆದೆ, ಹೆಚ್ಚಲಿಲ್ಲ. ಒಳಕ್ಕೆ, ಹೆಚ್ಚಲಿಲ್ಲ. ಒಂದು ಸ್ನಾಯುವಿಗೆ ಪೆಟ್ಟಾಗಿದ್ದರೆ ಅದಕ್ಕೆ ಕೆಲಸ ಕೊಟ್ಟಾಗ ಅದು ನೋಯಲೇಬೇಕು. ಕಾಕುವಿನ ಒಂದು ಸ್ನಾಯುವೂ ನೋಯಲಿಲ್ಲ ಎಂದು ನಾನೇ ಬರೆದಿದ್ದೆ. ಅದರ ಕೆಳಗೆ ದೊಡ್ಡದಾಗಿ, ಎರಡು ಗೆರೆ ಎಳೆದು, 'ರೊಟ್ಟಿ ಬಡಿದು ಭುಜದ ಸ್ನಾಯು ಸವೆತ' ಎಂದೂ ಬರೆದಿದ್ದೆ.

ಎರಡು ದಿನ ಕೆಳಗೆ ಹೋಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಹೋದೆ. ಕಾಕು ಮಲಗಿದ್ದವರು ಎದ್ದು ಕೂತರು. ಮಗಳು ಅವರಿಗೆ ಎಲ್ಲ ಹೇಳಿಯಾಗಿತ್ತು. ನಾನು ನೆಲದ ಮೇಲೆ ಕೂತು, ತಪ್ಪು ನನ್ನದು, ಮೊದಲ ದಿನವೇ ನನಗೆ ಅನುಮಾನ ಬರಬೇಕಿತ್ತು, ನಿಮ್ಮ ನೋವಿಗೂ ರೊಟ್ಟಿಗೂ ಸಂಬಂಧವೇ ಇರಲಿಲ್ಲ ಎಂದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಇಲ್ಲವೇ, ಹೋಗಲಿ ಬಿಡು ಎನ್ನುತ್ತಾರೆ ಎಂದು. ಅವರು ಕೇಳಿದ್ದು ಬೇರೆಯೇ.

"ಅಂದ್ರ... ರೊಟ್ಟಿ ಮಾಡಿದ್ರ ನಡೀತಿತ್ತೇನು?"

"ಹೌದ್ರಿ ಕಾಕು."

"ಪಾಲ್ಖಿದೂ?"

ನಾನು ತಲೆಯಾಡಿಸಿದೆ.

"ಕೈಯಾಗ ಬಲ ಇದ್ದಾಗ ಸುಮ್ನ ಕೂಡಿಸಿದಿ ನನ್ನ. ಈಗ ಬಲಾನ ಇಲ್ಲ."

ಆಸ್ಪತ್ರೆಯಲ್ಲಿ, ಸೂಜಿ ಚುಚ್ಚುವಾಗ, ಮಗಳು ಅತ್ತಾಗ, ಆಗೆಲ್ಲ ಅಳದ ಕಾಕು ಅವತ್ತು ಅತ್ತರು. ಬಲಗೈಯಿಂದ ಕಣ್ಣೊರೆಸಲು ಹೋಗಿ, ಬೆರಳಿಗೆ ಸೆರಗು ಹಿಡಿಯಲಾಗದೆ, ಎಡಗೈಯಿಂದ ಒರೆಸಿಕೊಂಡರು. ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದರು. ನಾನು ಎದ್ದು ಬಂದೆ.

ಒಂದು ವಾರ ಅವರು ನನ್ನನ್ನು ಕರೆಯಲಿಲ್ಲ. ವಿಕಿರಣ ಚಿಕಿತ್ಸೆಗೆ ಮಗಳೊಂದಿಗೆ ಹೋಗಿ ಬರುವುದನ್ನು ಮೇಲಿನಿಂದ ನೋಡುತ್ತಿದ್ದೆ. ಕೆಳಗಿಳಿದು ಹೋಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಮಗಳು ಬಂದು "ಅವ್ವ ಕರೀಲಿಕತ್ತಾಳ್ರಿ ಅಕ್ಕಾ" ಎಂದಳು.

ಹಿಂದಿನ ತಗಡಿನ ಮಾಡಿನಲ್ಲಿ ಕಾಕು ಕೂತಿದ್ದರು. ಒಲೆ ಹಚ್ಚಿರಲಿಲ್ಲ, ಗ್ಯಾಸಿನ ಒಲೆ ತಂದು ಇಟ್ಟಿದ್ದರು. ಎದುರಿಗೆ ಹಿಟ್ಟಿನ ಹರಿವಾಣ, ನಾದಿಟ್ಟ ಮುದ್ದೆ. ನನ್ನ ಮುಖ ನೋಡದೆ ಹೇಳಿದರು:

"ಹಿಂದ ಕೂಡು. ಕೈ ಹಿಡಿ. ನೀ ಬಡೀಬ್ಯಾಡ, ನಿನಗ ಬರೂದಿಲ್ಲ. ಮುಂಗೈ ನಿಲ್ಲೂದಿಲ್ಲ, ಬರೇ ಎತ್ತಿ ಹಿಡಿ."

ಅವರ ಬೆನ್ನ ಹಿಂದೆ ಮಂಡಿಯೂರಿ ಕೂತು ಬಲ ಮೊಳಕೈ ಮತ್ತು ಮುಂಗೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದೆ. ಅವರು ಎಡಗೈಯಿಂದ ಹಿಟ್ಟು ತಿರುಗಿಸುತ್ತಾ ಹೋದರು. ಬಲ ಅಂಗೈ ಬೀಳುವಾಗ ನಾನು ಬಿಡುತ್ತಿದ್ದೆ, ಏಳುವಾಗ ಎತ್ತುತ್ತಿದ್ದೆ. ಮೊದಲು ತಾಳ ಸೇರಲಿಲ್ಲ. "ಲಗೂನ ಎತ್ತಬ್ಯಾಡ" ಎಂದು ಗದರಿಸಿದರು. ಸ್ವಲ್ಪ ಹೊತ್ತಿಗೆ ಪಟ ಪಟ ಶುರುವಾಯಿತು, ನಿಧಾನವಾಗಿ. ನನ್ನ ಎದೆಗೆ ಅವರ ಬೆನ್ನು ತಾಗುತ್ತಿತ್ತು. ಆ ಅಗಲ ಮೂಳೆ ಹೊರಳುವುದು, ಅದರ ಮೇಲೆ ಸ್ನಾಯುಗಳು ಬಿಗಿಯುವುದು, ಸಡಿಲುವುದು, ಎಲ್ಲವೂ ತಿಳಿಯುತ್ತಿತ್ತು. ಬಲ ಇಲ್ಲದ್ದು ಅಂಗೈಯಲ್ಲಿ ಮಾತ್ರ.

ಐದು ರೊಟ್ಟಿ ಆದವು. ಒಂದೂ ದುಂಡಗಿರಲಿಲ್ಲ. ಕಾಕು ಅವನ್ನು ಒಂದರ ಮೇಲೊಂದು ಇಟ್ಟು ನೋಡಿ, "ಮಗಳಿಗಿಂತ ಪಾಡ ಆಗ್ಯಾವ" ಎಂದರು. ಪಾಡ ಎಂದರೆ ಪರವಾಗಿಲ್ಲ, ವಾಸಿ. ಅವತ್ತು ನನಗೆ ಒಂದು ರೊಟ್ಟಿ ಬಡಿಸಿ ಎದುರಿಗೆ ಕೂತು ತಿನ್ನಿಸಿದರು. ಕ್ಷಮಿಸಿದೆ ಎಂದು ಅವರು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.

ಮೈಯಲ್ಲಿ ತ್ರಾಣ ಇದ್ದಷ್ಟು ದಿನ, ವಾರಕ್ಕೆರಡು ಬಾರಿ ಹಾಗೆ ಕೂತೆವು. ಚಿಕಿತ್ಸೆಯ ನಡುವೆ ಅವರು ಇಳಿದು ಹೋದರು. ಹಿಡಿದ ತೋಳು ವಾರದಿಂದ ವಾರಕ್ಕೆ ಹಗುರಾಗುತ್ತಿತ್ತು. ಐದು ರೊಟ್ಟಿ ಮೂರಾದವು, ಮೂರು ಒಂದಾಯಿತು... ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡಬೇಕು ಎಂದಿದ್ದರು. ಸಂಕ್ರಾಂತಿಗೆ ಆಸ್ಪತ್ರೆಯಲ್ಲಿದ್ದರು. ಶಿವರಾತ್ರಿಗೆ ಮುಂಚೆ, ಒಂದು ಮಧ್ಯಾಹ್ನ, ಮಗಳು ಔಷಧಿ ತರಲು ಹೋಗಿದ್ದ ಹೊತ್ತಿನಲ್ಲಿ ಹೋಗಿಬಿಟ್ಟರು. ನಾನು ಕ್ಲಿನಿಕ್ಕಿನಲ್ಲಿ ಯಾರದೋ ಮೊಳಕಾಲು ಹಿಡಿದು ಬಾಗಿಸುತ್ತಿದ್ದೆ.

ಮಗಳು ಮದುವೆಯಾಗಿ ಸೋಲಾಪುರಕ್ಕೆ ಹೋದಳು. ಒಂದೆರಡು ವರ್ಷ ದೀಪಾವಳಿಗೆ ಫೋನು ಮಾಡುತ್ತಿದ್ದಳು. ಈಗ ಆ ನಂಬರು ಬೇರೆ ಯಾರದೋ. ಆ ಕಟ್ಟಡ ಕೆಡವಿ ಹನ್ನೊಂದು ಮಹಡಿಯದು ಎದ್ದಿದೆ.

ನಾನು ಈಗ ನನ್ನದೇ ಚಿಕ್ಕ ಕ್ಲಿನಿಕ್ ನಡೆಸುತ್ತೇನೆ. ಹೋದ ತಿಂಗಳು ಇಂದಾಪುರದ ದಾರಿಯಲ್ಲಿ ಬಸ್ ಓಡಿಸುವ ಚಾಲಕರೊಬ್ಬರು ಭುಜದ ನೋವೆಂದು ಬಂದಿದ್ದರು. ಎಲ್ಲ ಪರೀಕ್ಷೆ ಮಾಡಿದೆ. ಯಾವ ಸ್ನಾಯುವನ್ನು ತಡೆದರೂ ನೋವು ಹೆಚ್ಚಲಿಲ್ಲ. ಮೊದಲು ಎದೆಯ ಎಕ್ಸ್‌ರೇ ತೆಗೆಸಿಕೊಂಡು ಬನ್ನಿ ಎಂದು ವೈದ್ಯರಿಗೆ ಚೀಟಿ ಬರೆದು ಕಳಿಸಿದೆ. ಅವರು ಎರಡು ದಿನ ಬಿಟ್ಟು ಬಂದು ಮೇಜಿನ ಮೇಲೆ ಎಕ್ಸ್‌ರೇ ಇಟ್ಟರು. ಏನೂ ಇರಲಿಲ್ಲ, ಸ್ವಚ್ಛವಾಗಿತ್ತು. ನೋವು ಕುತ್ತಿಗೆಯ ನರದ್ದು. "ಉಗಾಚ್ ಘಾಬರವಲಂತ ಮ್ಯಾಡಮ್" ಎಂದು ಅವರು ಸಿಟ್ಟು ಮಾಡಿಕೊಂಡರು. ಹೆಂಡತಿ ಎರಡು ದಿನ ಊಟ ಬಿಟ್ಟಿದ್ದಳಂತೆ, ಸುಮ್ಮನೆ ಹೆದರಿಸಿದಿರಿ ಎಂದು. ತಪ್ಪಾಯಿತು ಎಂದು ಕೈ ಮುಗಿದೆ. ಅವರು ಹೋದ ಮೇಲೂ ಆ ಎಕ್ಸ್‌ರೇಯ ಕಪ್ಪು ಮೂಲೆಗಳೇ ಕಣ್ಣ ಮುಂದಿದ್ದವು. ಅವರ ಮಟ್ಟಿಗೆ ಸಂತೋಷವಾಗಿತ್ತು. ಆ ಸಂತೋಷವನ್ನು ಹಂಚಿಕೊಳ್ಳಲು, ಕಾಕುವನ್ನು ಕಂಡವರು ಯಾರೂ ನನ್ನ ಸುತ್ತ ಈಗ ಇಲ್ಲ.

ಕಾಕುವಿನ ಒಂದು ಫೋಟೊ ಕೂಡ ನನ್ನ ಹತ್ತಿರ ಇಲ್ಲ. ಅವರ ತವರೂರಿನ ಹೆಸರು ಮರೆತಿದೆ. ಮುಖ ಕೂಡ ವರ್ಷದಿಂದ ವರ್ಷಕ್ಕೆ ಮಸುಕಾಗುತ್ತಿದೆ. ಬಲಭುಜ ಮಾತ್ರ ಬೆರಳುಗಳಿಗೆ ಹಾಗೇ ನೆನಪಿದೆ. ಮೇಲಿನ ದಪ್ಪ ಸ್ನಾಯು, ಅದರಡಿಯ ನಾಲ್ಕು, ಬೆನ್ನಿನ ಮೂಳೆಯನ್ನು ಹೊರಳಿಸುವವು, ಒಂದೊಂದೂ. ಎಲ್ಲವೂ ಗಟ್ಟಿಯಾಗಿದ್ದವು. ಅವುಗಳಲ್ಲಿ ಯಾವುದಕ್ಕೂ ಏನೂ ಆಗಿರಲಿಲ್ಲ.